ಹಡಗಿನ ಮೂರು ರಾತ್ರಿಗಳ ಲೆಕ್ಕ

ನಮ್ಮ ಮನೆಯ ಅಂಗಳದಲ್ಲಿ ನಿಂತರೆ ಇರುಳಿನ ನಿಶ್ಶಬ್ದದಲ್ಲಿ ಕಡಲಿನ ಮೊರೆತ ಕೇಳಿಸುತ್ತದೆ. ಕುಂಬಳೆಯ ಕಡಲತೀರಕ್ಕೆ ಅಲ್ಲಿಂದ ಮೂರು ಮೈಲಿಗಿಂತ ಹೆಚ್ಚಿಲ್ಲ. ಹೀಗಿದ್ದೂ ಕಳೆದ ಚಳಿಗಾಲದವರೆಗೆ ನಮ್ಮ ಮನೆಯಾಕೆಯಾಗಲಿ ನಾವಾಗಲಿ ಹೊಳೆ ದಾಟಿಸುವ ದೋಣಿಗಿಂತ ದೊಡ್ಡದಾದ ನೌಕೆಯನ್ನು ಏರಿದವರಲ್ಲ. ನಮ್ಮ ಮನೆತನದಲ್ಲಿ ಹಡಗು ಹತ್ತಿದವರೆಂದರೆ ಅಜ್ಜನ ತಮ್ಮಂದಿರು ಒಬ್ಬರೇ. ಅವರು ಮುಂಬಯಿಯ ಹೋಟೆಲೊಂದರಲ್ಲಿ ದುಡಿಯಲೆಂದು ಮಂಗಳೂರಿನ ಬಂದರಿನಿಂದ ಹೊರಟದ್ದು ಸ್ವಾತಂತ್ರ್ಯಕ್ಕೂ ಮೊದಲು. ತೆರೆದ ಅಟ್ಟದಲ್ಲಿ ಚಾಪೆ ಹಾಸಿಕೊಂಡು, ಅವಲಕ್ಕಿ ಬೆಲ್ಲದ ಗಂಟನ್ನು ತಲೆದಿಂಬು ಮಾಡಿಕೊಂಡು, ದಾರಿಯುದ್ದಕ್ಕೂ ವಾಂತಿ ಮಾಡುತ್ತ ಹೋದರಂತೆ. ಹಡಗಿನ ಪ್ರಯಾಣವೆಂದರೆ ನಮ್ಮ ಪಾಲಿಗೆ ಬಡತನದ ಕಥೆಯಾಗಿತ್ತು. ಅದೇ ಹಡಗು ಈಗ ಸಿರಿವಂತರ ವಿಹಾರವಾಗಿದೆ ಎಂಬುದನ್ನು ನಮಗೆ ತಿಳಿಸಿಕೊಟ್ಟವನು ನಮ್ಮ ಮಗ.

ಅವನು ಬೆಂಗಳೂರಿನಲ್ಲಿದ್ದಾನೆ. ಒಂದು ಭಾನುವಾರ ಫೋನು ಮಾಡಿ, ಡಿಸೆಂಬರಿನಲ್ಲಿ ಎಲ್ಲರೂ ಕೂಡಿ ಹಡಗಿನಲ್ಲಿ ಹೋಗುವುದೆಂದೂ, ಕೊಚ್ಚಿಯಲ್ಲಿ ಹತ್ತಿ ಲಕ್ಷದ್ವೀಪವನ್ನು ನೋಡಿ ಮುಂಬಯಿಯಲ್ಲಿ ಇಳಿಯುವುದೆಂದೂ ಹೇಳಿದನು. ಬೆಲೆಯನ್ನು ಕೇಳಿದೆವು. ಅವನು ಹೇಳಲಿಲ್ಲ. ಸೊಸೆ ಹೇಳಿದಳು: ಐವರಿಗೆ, ಮೊಗಸಾಲೆಯಿರುವ ಎರಡು ಕೋಣೆಗಳಿಗೆ, ಒಂದು ಲಕ್ಷ ಎಂಬತ್ತನಾಲ್ಕು ಸಾವಿರ.

ಮೂವತ್ತು ವರ್ಷಗಳಿಂದ ಶಾಲೆಯ ಜಮಾ ಖರ್ಚು ಬರೆದವರಿಗೆ ಇಂಥ ಅಂಕೆಯನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ. ತೋಟದ ಪಂಪು ಎರಡು ವರ್ಷದಿಂದ ಕೆಮ್ಮುತ್ತಿದೆ. ಅಡಿಗೆಮನೆಯ ಮೇಲಿನ ಹಂಚು ಬದಲಾಗಬೇಕು. ಇವೆರಡನ್ನೂ ಮಾಡಿಸಿ, ಉಳಿದ ಹಣದಲ್ಲಿ ಎಲ್ಲರೂ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗಿ ಬರಬಹುದೆಂದು ತಿಳಿಸಿದೆವು. ಹಣ ಕಟ್ಟಿ ಆಗಿದೆಯೆಂದು ಉತ್ತರ ಬಂತು. ಹೊರಡುವ ದಿನ ಸಮೀಪಿಸಿದಷ್ಟೂ ಹಿಂದಿರುಗುವ ಹಣ ಕಡಿಮೆಯಾಗುತ್ತ ಹೋಗುವುದು ಈ ವ್ಯವಹಾರದ ಕಟ್ಟಳೆ. ಅಂದರೆ ನಮ್ಮ ಹಟ ಮುಂದುವರಿದಷ್ಟೂ ಅವನಿಗೆ ನಷ್ಟ. ಒಪ್ಪಿಕೊಂಡೆವು.

ಈ ಬೆಲೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಡಗಿನಲ್ಲಿ ಕೋಣೆಗೆ ಬಾಡಿಗೆಯಿಲ್ಲ, ತಲೆಗೆ ಇಷ್ಟೆಂದು ದರ. ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದಾರೆಂಬ ಲೆಕ್ಕದಲ್ಲಿ. ಅದೇ ಕೋಣೆಯಲ್ಲಿ ಮೂರನೆಯವರಿದ್ದರೆ ಅವರಿಗೆ ಕಡಿಮೆ. ಒಬ್ಬರೇ ಹೋದರೆ ಇಬ್ಬರ ಹಣದ ಹತ್ತಿರ ಹತ್ತಿರ ತೆರಬೇಕು. ಕಿಟಕಿಯಿಲ್ಲದ ಒಳಗಿನ ಕೋಣೆ ಎಲ್ಲಕ್ಕಿಂತ ಅಗ್ಗ, ತೆರೆಯಲಾಗದ ಗಾಜಿನ ಕಿಟಕಿಯುಳ್ಳದ್ದು ಅದಕ್ಕಿಂತ ಮೇಲು, ಹೊರಗೆ ಕುಳಿತುಕೊಳ್ಳಲು ಪುಟ್ಟ ಮೊಗಸಾಲೆಯಿರುವುದು ಇನ್ನೂ ಮೇಲು. ಊಟ, ಉಪಾಹಾರ, ಸಂಜೆಯ ಆಟಪಾಟಗಳು ಎಲ್ಲರಿಗೂ ಒಂದೇ. ತೆರಿಗೆ, ಬಂದರಿನ ಶುಲ್ಕ, ಸೇವಾಶುಲ್ಕಗಳು ಬೇರೆ. ಈ ಕೊನೆಯ ಮಾತನ್ನು ಟಿಕೇಟು ಮಾಡಿಸಿಕೊಟ್ಟ ಏಜೆಂಟರು ಮೊದಲು ಹೇಳಿರಲಿಲ್ಲ. ಅವರ ಹೆಸರು ಇಲ್ಲಿ ಬೇಡ. ಒಂದು ಎಂಬತ್ತನಾಲ್ಕು ಎಂದದ್ದು ಎರಡು ಲಕ್ಷ ಮೂವತ್ತೊಂದು ಸಾವಿರವಾಯಿತು. ಐವರಿಗೆ ಮೂರು ರಾತ್ರಿ. ತಲೆಗೊಂದು ರಾತ್ರಿಗೆ 15,400 ರೂಪಾಯಿ. ನಮ್ಮ ಮೊಮ್ಮಗಳಿಗೆ ನಾಲ್ಕು ವರ್ಷ. ಅವಳ ಒಂದು ರಾತ್ರಿಯ ನಿದ್ದೆಗೆ ಅಷ್ಟು ಹಣವೇ ಎಂದು ನಾವು ಮೂರು ದಿನವೂ ಮನಸ್ಸಿನಲ್ಲಿ ಭಾಗಾಕಾರ ಮಾಡುತ್ತಲೇ ಇದ್ದೆವು.

ರಾತ್ರಿಯ ರೈಲಿನಲ್ಲಿ ಕಾಸರಗೋಡಿನಿಂದ ಎರ್ನಾಕುಳಂಗೆ ಹೋದೆವು. ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಕೊಚ್ಚಿಯ ಬಂದರನ್ನು ರೂಪಿಸುವಾಗ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರರು ಹಿನ್ನೀರಿನ ತಳದಿಂದ ತೋಡಿ ತೆಗೆದ ಮಣ್ಣಿನಿಂದಲೇ ನಿರ್ಮಿಸಿದ ದ್ವೀಪವದು. ಇದನ್ನು ಒಮ್ಮೆ ಅದೇ ಸ್ಥಳದಲ್ಲಿ ನಿಂತು ಶಾಲೆಯ ಮಕ್ಕಳಿಗೆ ವಿವರಿಸಿದ್ದೆವು. ಈಗ ಮಗನಿಗೂ ಹೇಳಹೊರಟಾಗ ಅವನು, “ಗೊತ್ತಿದೆ ಅಪ್ಪ” ಎಂದು ಮುಂದೆ ನಡೆದನು. ಆ ಮಾತಿನ ದನಿಯನ್ನು ಆಗ ನಾವು ಗಮನಿಸಲಿಲ್ಲ.

ಹಡಗಿನ ವರ್ಣನೆಯನ್ನು ಬೆಳೆಸುವುದಿಲ್ಲ. ಕೈಗೆ ಒಂದು ಚೀಟಿಯಂಥ ಕಾರ್ಡು ಕೊಡುತ್ತಾರೆ. ಅದೇ ಕೋಣೆಯ ಬೀಗದ ಕೈ, ಅದೇ ಸಾಲದ ಪುಸ್ತಕ. ಹೆಚ್ಚಿನ ಕಾಫಿ, ಶರಬತ್ತು, ಇಂಟರ್‌ನೆಟ್ ಎಲ್ಲವೂ ಅದರಲ್ಲಿ ಏರುತ್ತ ಹೋಗಿ ಇಳಿಯುವ ಹೊತ್ತಿಗೆ ಪಟ್ಟಿಯಾಗಿ ಕೈಗೆ ಬರುತ್ತದೆ; ನಮ್ಮದು 6,300 ರೂಪಾಯಿಯಾಯಿತು. ಹೊರಡುವ ಮುನ್ನ ಎಲ್ಲರನ್ನೂ ನಿಲ್ಲಿಸಿ, ಅಪಾಯದ ಗಂಟೆ ಬಾರಿಸಿದರೆ ಎಲ್ಲಿ ಸೇರಬೇಕು, ಜೀವರಕ್ಷಕ ಅಂಗಿಯನ್ನು ಹೇಗೆ ತೊಡಬೇಕು ಎಂದು ಕಲಿಸಿದರು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ರಾಷ್ಟ್ರಗಳು ಕೂಡಿ ಮಾಡಿಕೊಂಡ ಒಪ್ಪಂದದ ಫಲವಿದು. ಪಾಠ ಚೆನ್ನಾಗಿತ್ತು, ಕೇಳುವ ವಿದ್ಯಾರ್ಥಿಗಳು ಮಾತ್ರ ಫೋಟೋ ತೆಗೆಯುತ್ತಿದ್ದರು. ಊಟಕ್ಕೆ ಎಣಿಸಲಾರದಷ್ಟು ಬಗೆ. ಅಷ್ಟರ ನಡುವೆ ಮನೆಯಾಕೆ ಹುಡುಕಿದ್ದು ಮಜ್ಜಿಗೆಯನ್ನು. ಮೊಸರು ಸಿಕ್ಕಿತು, ನೀರು ಬೆರೆಸಿಕೊಂಡಳು. ಸಂಜೆಯ ಕುಣಿತವನ್ನೂ ಮಾಯಾಜಾಲವನ್ನೂ ನೋಡಿದೆವು. ರಾತ್ರಿಯಿಡೀ ಬಯಲಿನಲ್ಲಿ ಕುಳಿತು ಯಕ್ಷಗಾನ ನೋಡಿ ಬೆಳೆದ ಕಣ್ಣಿಗೆ ಅದು ಚೌಕಿಯಲ್ಲಿ ಬಣ್ಣ ಹಚ್ಚುವ ಹೊತ್ತಿಗೇ ಮುಗಿದುಹೋದ ಆಟದಂತೆ ಕಂಡಿತು. ಜೂಜಿನ ಕೋಣೆಯ ಕಡೆಗೆ ನಾವು ತಲೆಹಾಕಲಿಲ್ಲ.

ಎರಡನೆಯ ದಿನ ಬೆಳಗ್ಗೆ ಅಗತ್ತಿ ಕಾಣಿಸಿತು. ನೀಲಿಯ ಮೇಲೆ ಒಂದು ಹಸುರು ಗೆರೆ, ಅದರ ಕೆಳಗೆ ಬಿಳಿಯ ಇನ್ನೊಂದು ಗೆರೆ. ಹವಳದ ದಿಬ್ಬಗಳು ಸುತ್ತುವರಿದಿರುವುದರಿಂದ ದೊಡ್ಡ ಹಡಗು ದಂಡೆಗೆ ಹೋಗಲಾರದು. ಹೊರಗಡಲಿನಲ್ಲಿ ನಿಂತು, ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸಬೇಕು. ಅಂದು ಅಲೆಗಳ ಉಬ್ಬರ ಹೆಚ್ಚಾಗಿತ್ತು. ದೋಣಿಯು ಹಡಗಿನ ಮಗ್ಗುಲಲ್ಲಿ ಆಳೆತ್ತರ ಏರಿ ಇಳಿಯುವುದನ್ನು ನಾವೇ ಕಂಡೆವು. ಎರಡು ಗಂಟೆ ಕಾಯ್ದು, ಇಳಿಸುವುದಿಲ್ಲವೆಂದು ಕಪ್ತಾನರು ಸಾರಿದರು. ಹಲವರು ಕೂಗಾಡಿದರು. ಹವೆ ಕೆಟ್ಟರೆ ಇಳಿಸುವ ಹೊಣೆ ಇಲ್ಲವೆಂದು ಟಿಕೇಟಿನ ನಿಬಂಧನೆಗಳಲ್ಲಿ ಬರೆದಿದೆ. ಅದನ್ನು ಓದಿದ್ದವರು ಹಡಗಿನಲ್ಲಿ ನಾವೊಬ್ಬರೇ ಇರಬೇಕು. ಕಪ್ತಾನರು ಮಾಡಿದ್ದೇ ಸರಿ. ಆದರೂ ನಮಗಾದ ನಿರಾಶೆ ಸಣ್ಣದಲ್ಲ.

ಅದಕ್ಕೊಂದು ಕಾರಣವಿದೆ. ಲಕ್ಷದ್ವೀಪವೆಂಬುದು ನಮ್ಮ ಗಡಿನಾಡಿಗೆ ಪರಕೀಯವಾದ ನೆಲವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು ಟಿಪ್ಪು ಸುಲ್ತಾನನ ಅಧೀನದಲ್ಲಿದ್ದು, 1799ರಲ್ಲಿ ಅವನ ಪತನದೊಂದಿಗೆ ಇಂಗ್ಲಿಷರ ಕೈಸೇರಿ, ಕೆನರಾ ಜಿಲ್ಲೆಗೆ ಸೇರಿದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿ ಮಂಗಳೂರಿಗೆ ತರುತ್ತಿದ್ದರು. ಸರಕಾರ ಅದಕ್ಕೆ ಬದಲಾಗಿ ಅಕ್ಕಿ ಕೊಡುತ್ತಿತ್ತು. ಅಗತ್ತಿ, ಕವರತ್ತಿ ಮುಂತಾದ ದಕ್ಷಿಣದವು ಕಣ್ಣೂರಿನ ಅರಕ್ಕಲ್ ಮನೆತನದವು. ಅವುಗಳ ಮಾತು ಬೇರೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಹೋಯಿತಷ್ಟೆ? ಅದೇ ದಿನ ಅಮಿನಿ ಮೊದಲಾದ ದ್ವೀಪಗಳೂ ಅದೇ ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪವೆಂಬ ಹೆಸರು ಬಂದದ್ದು 1973ರಲ್ಲಿ. ಒಂದೇ ಮನೆಯಿಂದ ಒಂದೇ ದಿನ ಪಾಲಾಗಿ ಹೋದ ದಾಯಾದಿಗಳು ನಾವು. ನಮ್ಮ ಪಾಲಿನ ಬಗ್ಗೆ ಇಷ್ಟು ವರ್ಷ ಮಾತಾಡಿದ್ದೇವೆ, ಅವರನ್ನು ನೆನೆದವರು ಎಷ್ಟು ಮಂದಿ? ಅಮಿನಿಗೆ ಈ ಹಡಗು ಹೋಗುವುದಿಲ್ಲ. ಅಗತ್ತಿಯ ಮರಳನ್ನಾದರೂ ಮೆಟ್ಟಿದ್ದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು.

ಮೂರನೆಯ ದಿನ ಪೂರ್ತಿ ಕಡಲೇ. ಮಗನು ಅಂದು ಹತ್ತೂವರೆಯವರೆಗೆ ಮಲಗಿದ್ದನು. ಸೊಸೆ ಎಬ್ಬಿಸಲು ಬಿಡಲಿಲ್ಲ. ಇವರು ಹೀಗೆ ಮಲಗಿದ್ದನ್ನು ನೋಡಿ ಎರಡು ವರ್ಷವಾಯಿತು ಎಂದಳು. ರಾತ್ರಿ ಹೆಂಗಸರೂ ಮಗುವೂ ಒಳಗೆ ನಿದ್ರಿಸಿದ ಮೇಲೆ ತಂದೆ ಮಗ ಇಬ್ಬರೇ ಮೊಗಸಾಲೆಯಲ್ಲಿ ಕುಳಿತೆವು. ಕೆಳಗೆ ಹಡಗು ಸೀಳಿದ ನೀರಿನ ನೊರೆ ಬಿಟ್ಟರೆ ಬೇರೇನೂ ಕಾಣದು. ಬಹಳ ಹೊತ್ತಿನ ಮೇಲೆ ಅವನೆಂದನು:

“ಅಪ್ಪ, ನೀವು ಶಾಲೆಯ ಮಕ್ಕಳನ್ನು ಕೊಚ್ಚಿಗೆ ಕರೆದುಕೊಂಡು ಹೋದಿರಲ್ಲ. ಬಸ್ಸು ಹೊರಟದ್ದು ಬೆಳಗಿನ ನಾಲ್ಕು ಗಂಟೆಗೆ. ನಾನು ಎಚ್ಚರವಾಗಿಯೇ ಇದ್ದೆ.”

ಅದು 2004ರ ಮಾತು. ಅವನು ನಮ್ಮ ಶಾಲೆಯಲ್ಲಿಯೇ ಆರನೆಯ ತರಗತಿ. ತಲೆಗೆ 350 ರೂಪಾಯಿ. ಆ ತಿಂಗಳು ನಮ್ಮ ತಂದೆಯವರು ಮಂಗಳೂರಿನ ಆಸ್ಪತ್ರೆಯಲ್ಲಿದ್ದರು, ಕೈಯಲ್ಲಿ ಹಣವಿರಲಿಲ್ಲ. ಬಸ್ಸಿನವರು, ಮಾಸ್ತರರ ಮಗನಿಗೆ ಹಣ ಬೇಡ ಎಂದಿದ್ದರು. ಪ್ರವಾಸದ ಹೊಣೆ ಹೊತ್ತವರ ಮಗ ಪುಕ್ಕಟೆಯಾಗಿ ಹೋದರೆ ಊರಿನ ಬಾಯಿ ಸುಮ್ಮನಿರದೆಂದು ನಾವು ಒಪ್ಪಲಿಲ್ಲ. ಅವನಿಗೆ, ಮುಂದಿನ ವರ್ಷ ನೋಡೋಣ ಎಂದಿದ್ದೆವು. ಅವನು ಮರುಮಾತಾಡಿರಲಿಲ್ಲ. ಅಂದು ಬೆಳಗ್ಗೆ ಹೊರಡುವಾಗ ಚಿಮಿಣಿದೀಪ ಹಿಡಿದು ನೋಡಿದ್ದೆವು, ಕಣ್ಣು ಮುಚ್ಚಿಕೊಂಡಿದ್ದ. ನಿದ್ರಿಸುತ್ತಿದ್ದಾನೆಂದು ಸಮಾಧಾನಪಟ್ಟು ಬಾಗಿಲು ಎಳೆದುಕೊಂಡಿದ್ದೆವು.

“ಬೇಸರದಿಂದ ಹೇಳಿದ್ದಲ್ಲ. ನೀವು ಬಂದು ಆ ದ್ವೀಪದ ಮಣ್ಣಿನ ಕಥೆ ತರಗತಿಯಲ್ಲಿ ಹೇಳಿದಿರಿ. ಎಲ್ಲರೂ ನೋಡಿ ಬಂದಿದ್ದರು. ನಾನು ಮಾತ್ರ ಕೇಳಿದೆ,” ಎಂದು ನಕ್ಕನು.

ಮೂವತ್ತು ವರ್ಷ ಮಕ್ಕಳಿಗೆ ಉತ್ತರ ಹೇಳುತ್ತ ಬಂದವರಿಗೆ ಅಂದು ಒಂದು ವಾಕ್ಯವೂ ಒದಗಲಿಲ್ಲ. ಅಂದು ಮಾಡಿದ್ದು ತಪ್ಪೆಂದು ಈಗಲೂ ನಮಗೆ ಪೂರ್ತಿಯಾಗಿ ಅನ್ನಿಸುವುದಿಲ್ಲ. ಸರಿಯೆನ್ನುವ ಧೈರ್ಯವೂ ಇಲ್ಲ. ನಾಲಗೆಗೆ ಬಂದದ್ದನ್ನು ಕೇಳಿದೆವು: ಈ ಹಣಕ್ಕೆ ಸಾಲ ಮಾಡಿದ್ದೀಯಾ? ಇಲ್ಲ, ವರ್ಷದ ಬೋನಸ್ಸು ಎಂದನು. ಮತ್ತೆ ತೋಟದ ಪಂಪಿನ ಮಾತು ಬಂತು. ಅಡಿಕೆಗೆ ಬಂದ ಎಲೆಚುಕ್ಕಿ ರೋಗದ ಮಾತು ಬಂತು. ಅವನು ತನ್ನ ಕೆಲಸದ ಚಿಂತೆಗಳನ್ನು ಹೇಳಿದನು. ಅವು ಇಲ್ಲಿಗೆ ಬೇಡ. ಒಳಗೆ ಹೋಗುವಾಗ ಗಂಟೆ ಎರಡೂವರೆ.

ಮುಂಬಯಿಯಲ್ಲಿ ಇಳಿದು, ಮರುದಿನ ನೇತ್ರಾವತಿ ರೈಲಿನಲ್ಲಿ ಊರಿಗೆ ಮರಳಿದೆವು. ಅಜ್ಜನ ತಮ್ಮಂದಿರ ಕಾಲದಲ್ಲಿ ಕೊಂಕಣದ ಈ ರೈಲುದಾರಿ ಇರಲಿಲ್ಲ, ಅದು ಪೂರ್ಣವಾದದ್ದು 1998ರಲ್ಲಿ.

ಇಷ್ಟಕ್ಕೂ ಕೊಟ್ಟ ಬೆಲೆಗೆ ತಕ್ಕುದಾಗಿತ್ತೇ ಎಂದು ಕೇಳುವವರಿಗೆ ನಮ್ಮ ಅಭಿಪ್ರಾಯವಿಷ್ಟು. ದ್ವೀಪವನ್ನೇ ನೋಡಬೇಕೆನ್ನುವವರಿಗೆ ಈ ಪ್ರಯಾಣ ದುಬಾರಿ ಮೋಸ. ಅಂಥವರಿಗೆ ಲಕ್ಷದ್ವೀಪದ ಆಡಳಿತವೇ ಕೊಚ್ಚಿಯಿಂದ ನಡೆಸಿಕೊಂಡು ಬಂದ ‘ಸಮುದ್ರಂ’ ಎಂಬ ಐದು ದಿನಗಳ ಪ್ರವಾಸ ಮೇಲು. ರಾತ್ರಿ ಹಡಗಿನಲ್ಲಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ. ಕುಣಿತ ಗಿಣಿತ ಇಲ್ಲ, ಸೊಗಸೂ ಕಡಿಮೆ. ಆಟಪಾಟಕ್ಕಾಗಿ ಹೋಗುವವರು ಕಿಟಕಿಯಿಲ್ಲದ ಕೋಣೆಯಲ್ಲಿಯೇ ಹೋಗಲಿ. ನಮಗೆ ಅದರಿಂದ ಲಕ್ಷದ ಮೇಲೆ ಉಳಿಯುತ್ತಿತ್ತು. ಮೊಗಸಾಲೆಗೆಂದು ಕೊಟ್ಟ ಆ ಲಕ್ಷವನ್ನು ಮಾತ್ರ ನಾವು ಖರ್ಚಿನ ಕಲಮಿನಲ್ಲಿ ಬರೆಯಹೋಗಿ ಎರಡು ಸಲ ಲೇಖನಿಯನ್ನು ಕೆಳಗಿಟ್ಟೆವು.

ಮೊನ್ನೆ ನೆರೆಯ ಶಾಲೆಯ ಅಧ್ಯಾಪಕರೊಬ್ಬರು ಬಂದು, ತಾವೂ ಪತ್ನಿಯೊಡನೆ ಹೋಗಬೇಕೆಂದಿದ್ದೇವೆ ಎಂದು ಸಲಹೆ ಕೇಳಿದರು. ತೆರಿಗೆ, ಶುಲ್ಕ ಎಲ್ಲವನ್ನೂ ಕೂಡಿಸಿದ ಮೊತ್ತವನ್ನು ಬರೆಹದಲ್ಲಿ ತೆಗೆದುಕೊಳ್ಳಿರಿ, ನಿಬಂಧನೆಗಳನ್ನು ಓದಿರಿ, ಮಳೆಗಾಲ ಕಳೆದ ಮೇಲೆ ಹೋಗಿರಿ, ವಾಂತಿಯ ಮಾತ್ರೆ ಮರೆಯದಿರಿ ಎಂದೆಲ್ಲ ಹೇಳುತ್ತಿದ್ದೆವು. ಅಷ್ಟರಲ್ಲಿ ಮನೆಯಾಕೆ ಅಡಿಗೆಮನೆಯಿಂದಲೇ, “ಮಗಳನ್ನೂ ಕರೆದುಕೊಂಡು ಹೋಗಲಿಕ್ಕೆ ಹೇಳಿ ಅವರಿಗೆ,” ಎಂದು ಕೂಗಿ ಹೇಳಿದಳು.