ಎಪ್ಪತ್ತೆರಡರಲ್ಲಿ ಡಾಸ್ ಪಾಠ

ನಿವೃತ್ತರಾದ ಅಧ್ಯಾಪಕರಿಗೆ ಹವ್ಯಾಸವೊಂದು ಬೇಕೆಂದು ಎಲ್ಲರೂ ಹೇಳುತ್ತಾರೆ. ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರು ಜೇನು ಸಾಕಿದರು. ಇನ್ನೊಬ್ಬರು ತಾಳಮದ್ದಳೆಯಲ್ಲಿ ಅರ್ಥ ಹೇಳತೊಡಗಿದರು. ಮತ್ತೊಬ್ಬರು ಬೆಳಗ್ಗಿನಿಂದ ಸಂಜೆಯ ತನಕ ಅಡಿಕೆಯ ಧಾರಣೆಯನ್ನೇ ಚರ್ಚಿಸುತ್ತಾರೆ. ನಾನು ಹಿಡಿದುಕೊಂಡ ಹವ್ಯಾಸವನ್ನು ಕೇಳಿದರೆ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ಕಳೆದ ಎರಡು ಮಳೆಗಾಲಗಳಿಂದ ನಾನು ಡಾಸ್ ಕಲಿಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ಅದನ್ನು ಕಲಿತು, ದುಡಿದು, ಮರೆತೂ ಆಗಿದೆ. ನಾನೀಗ ಅದರ ಅಕ್ಷರಾಭ್ಯಾಸ ಮಾಡಿಕೊಂಡೆ.

ಕಿರಿಯ ಓದುಗರಿಗಾಗಿ ಒಂದು ಮಾತು. ಡಾಸ್ ಎಂದರೆ ‘ಡಿಸ್ಕ್ ಆಪರೇಟಿಂಗ್ ಸಿಸ್ಟಮ್’ ಎಂಬುದರ ಹ್ರಸ್ವರೂಪ. ಗಣಕಯಂತ್ರವು ಎಚ್ಚೆತ್ತೊಡನೆ ಡಿಸ್ಕಿನಲ್ಲಿರುವ ಕಡತಗಳ ಉಸ್ತುವಾರಿ ವಹಿಸಿಕೊಂಡು, ನಾವು ಹೇಳಿದ ಕೆಲಸವನ್ನು ಮಾಡಿಸುವ ಮೂಲ ತಂತ್ರಾಂಶವದು. 1980ರಲ್ಲಿ ಅಮೆರಿಕದ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಯಲ್ಲಿ ಟಿಮ್ ಪ್ಯಾಟರ್ಸನ್ ಎಂಬವರು ಇದನ್ನು ಬರೆದರು. ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಕೊಂಡುಕೊಂಡಿತು. 1981ರ ಆಗಸ್ಟ್ ತಿಂಗಳಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದರೊಂದಿಗೆ ಡಾಸ್ ಕೂಡ ಲೋಕಸಂಚಾರಕ್ಕೆ ಹೊರಟಿತು. ಪ್ರತ್ಯೇಕವಾಗಿ ಮಾರಾಟಗೊಂಡ ಎಂಎಸ್-ಡಾಸ್‌ನ ಕೊನೆಯ ಆವೃತ್ತಿ, 6.22, ಬಂದದ್ದು 1994ರಲ್ಲಿ. ಅದೇ ವರ್ಷ ಜಿಮ್ ಹಾಲ್ ಎಂಬ ವಿದ್ಯಾರ್ಥಿ, ಡಾಸ್ ಅಳಿಯಬಾರದೆಂದು, ಎಲ್ಲರಿಗೂ ಉಚಿತವಾಗಿ ಸಿಗುವ ಫ್ರೀಡಾಸ್ ಎಂಬ ಯೋಜನೆಯನ್ನು ಆರಂಭಿಸಿದರು. ಅದು ಇಂದಿಗೂ ಜೀವಂತವಾಗಿದೆ; ಅದರ 1.4ನೆಯ ಆವೃತ್ತಿ 2025ರಲ್ಲಿ ಬಂತು. ನಾನು ಕಲಿಯುತ್ತಿರುವುದು ಅದನ್ನೇ. ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ನನ್ನ ಲ್ಯಾಪ್‌ಟಾಪಿನೊಳಗೆ ಹಳೆಯ ಗಣಕದಂತೆ ನಟಿಸುವ ಒಂದು ತಂತ್ರಾಂಶವನ್ನು ಹಾಕಿ, ಅದರಲ್ಲಿ ಫ್ರೀಡಾಸ್ ಕೂರಿಸಿಕೊಟ್ಟ.

ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಈ ವಿದ್ಯೆ ನಮ್ಮ ಹತ್ತಿರ ಸುಳಿಯಲಿಲ್ಲ. 1984ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆಯಡಿ ದೇಶದ ಆಯ್ದ ಪ್ರೌಢಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಗಣಕಗಳನ್ನು ಕೊಡತೊಡಗಿತ್ತು. ಅದರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೆನೇ ಹೊರತು ಯಂತ್ರವನ್ನು ಕಂಡವನಲ್ಲ. ನಮ್ಮ ಶಾಲೆಯ ಅತ್ಯಾಧುನಿಕ ಯಂತ್ರವೆಂದರೆ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ.

ಡಾಸ್‌ನಲ್ಲಿ ಚಿತ್ರಗಳಿಲ್ಲ, ಮೌಸ್ ಹಿಡಿದು ಒತ್ತುವ ಗುಂಡಿಗಳಿಲ್ಲ. ಕಪ್ಪು ಪರದೆ, ಅದರ ಎಡತುದಿಯಲ್ಲಿ ‘ಸಿ’ ಎಂಬ ಅಕ್ಷರ, ಪಕ್ಕದಲ್ಲಿ ಮಿಟುಕುವ ಒಂದು ಗೆರೆ. ಇಷ್ಟೇ. ಏನು ಬೇಕೆಂಬುದನ್ನು ನಾವೇ ತಿಳಿದು ಬರೆಯಬೇಕು. ‘ಡಿರ್’ ಎಂದು ಬರೆದರೆ ಕಡತಗಳ ಪಟ್ಟಿ. ‘ಟೈಪ್’ ಎಂದು ಬರೆದು ಕಡತದ ಹೆಸರು ಕೊಟ್ಟರೆ ಅದರೊಳಗಿನ ಬರಹ. ‘ಡೆಲ್’ ಎಂದರೆ ಅಳಿಸುವಿಕೆ. ಒಂದು ಅಕ್ಷರ ಆಚೀಚೆಯಾದರೂ ‘ಬ್ಯಾಡ್ ಕಮಾಂಡ್’ ಎಂಬ ಉತ್ತರ ಬರುತ್ತದೆ. ಅಳಿಸೆಂದರೆ ಅಳಿಸಿ ಸುಮ್ಮನಾಗುತ್ತದೆ. ಆಯಿತೆಂಬ ಒಂದು ಮಾತೂ ಇಲ್ಲ. ಮೊದಲ ದಿನಗಳಲ್ಲಿ ನಾನು ಆ ಗೆರೆಯನ್ನು ನೋಡುತ್ತಾ ಬಹಳ ಹೊತ್ತು ಸುಮ್ಮನೆ ಕುಳಿತದ್ದುಂಟು. ಒಂದನೆಯ ತರಗತಿಗೆ ಬಂದ ಮಗು ಸ್ಲೇಟು ಹಿಡಿದುಕೊಂಡು ಏನನ್ನೂ ಬರೆಯದೆ ಕೂರುತ್ತದಲ್ಲ, ಆ ಮೌನದ ಒಳಗೆ ಏನಿರುತ್ತದೆಂದು ಆಗ ತಿಳಿಯಿತು. ಅದಕ್ಕೆ ಉತ್ತರ ಗೊತ್ತಿಲ್ಲವೆಂದಲ್ಲ. ಕೇಳುವುದು ಹೇಗೆಂದೇ ಅದಕ್ಕೆ ಗೊತ್ತಿರುವುದಿಲ್ಲ.

ಕಡತದ ಹೆಸರಿನ ವಿಷಯದಲ್ಲೂ ಡಾಸ್ ಬಲು ಬಿಗಿ. ಎಂಟು ಅಕ್ಷರಗಳ ಹೆಸರು, ಒಂದು ಚುಕ್ಕೆ, ಮತ್ತೆ ಮೂರು ಅಕ್ಷರ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನಮ್ಮ ಕೊಯಿಲ ಪೂರ್ತಿಯಾಗಿ ಹಿಡಿಸುತ್ತದೆ. ಕಡಬ, ಪುತ್ತೂರು, ಸುಳ್ಯಗಳಿಗೂ ತೊಂದರೆಯಿಲ್ಲ. ರಾಮಕುಂಜಕ್ಕೆ ಒಂದಕ್ಷರ ಹೆಚ್ಚಾಗುತ್ತದೆ. ಉಪ್ಪಿನಂಗಡಿಯ ಬಾಲವನ್ನಂತೂ ಕತ್ತರಿಸಲೇಬೇಕು.

ವಿನೋದಕ್ಕೆಂದು ಹಿಡಿದ ಈ ವಿದ್ಯೆ ವಿನೋದವಾಗಿಯೇ ಉಳಿಯಲಿಲ್ಲ. ಅದಕ್ಕೆ ಕಾರಣ ನನ್ನ ಭಾವನವರು, ಎಂದರೆ ಅಕ್ಕನ ಯಜಮಾನರು. ಸುಳ್ಯದ ಕಡೆ ಅವರ ಅಡಿಕೆ ತೋಟ. ನಮ್ಮ ಸೀಮೆಯ ಹಲವು ಕೃಷಿಕರಂತೆ ಅವರಿಗೂ ಮಳೆಯನ್ನು ಅಳೆದು ಬರೆದಿಡುವ ಅಭ್ಯಾಸವಿತ್ತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. 1923ರ ಮತ್ತು 1974ರ ನೆರೆಗಳು ನೇತ್ರಾವತಿ, ಕುಮಾರಧಾರೆಯ ದಂಡೆಯ ಹಿರಿಯರ ಬಾಯಲ್ಲಿ ಕಥೆಯಾಗಿ ಉಳಿದಿದ್ದವು. ಆದರೆ ಕಥೆ ಬೇರೆ, ಲೆಕ್ಕ ಬೇರೆ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ದಿನವನ್ನು ನಿಶ್ಚಯಿಸಲು ಕಥೆ ಸಾಲದು. ಭಾವನವರು ಪ್ರತಿದಿನ ಬೆಳಗ್ಗೆ ಅಂಗಳದ ಮಳೆಮಾಪಕದ ಬಳಿ ಹೋಗಿ, ನೀರನ್ನು ಅಳತೆಯ ಗಾಜಿಗೆ ಹೊಯ್ದು, ಪುಸ್ತಕದಲ್ಲಿ ಬರೆಯುತ್ತಿದ್ದರು. 1992ರಲ್ಲಿ ಯಾರೋ ಬಂಧುಗಳಿಂದ ಒಂದು ಹಳೆಯ ಗಣಕಯಂತ್ರ ಸಿಕ್ಕಿದ ಮೇಲೆ ಆ ಲೆಕ್ಕವನ್ನು ಅದರಲ್ಲೂ ಏರಿಸತೊಡಗಿದರು. ವರ್ಷಕ್ಕೊಂದು ಫ್ಲಾಪಿ.

2004ರಲ್ಲಿ ಅವರು ತೀರಿಕೊಂಡರು. ಲೆಕ್ಕದ ಪುಸ್ತಕಗಳನ್ನು ಕೆಲವೇ ವರ್ಷಗಳಲ್ಲಿ ಗೆದ್ದಲು ತಿಂದಿತು. ಗಣಕಯಂತ್ರ ಗುಜರಿಗೆ ಹೋಯಿತು. ಉಳಿದದ್ದು ಅಟ್ಟದ ಬಿಸ್ಕೆಟ್ ಡಬ್ಬಿಯೊಂದರಲ್ಲಿದ್ದ 12 ಫ್ಲಾಪಿಗಳು ಮಾತ್ರ. ನಾನು ಡಾಸ್ ಕಲಿಯುತ್ತಿರುವ ಸುದ್ದಿ ಹೇಗೋ ಮುಟ್ಟಿ, ಅಳಿಯ ಆ ಡಬ್ಬಿಯನ್ನು ತಂದು ನನ್ನೆದುರು ಇಟ್ಟ. “ಮಾವ, ಅಪ್ಪನ ಮಳೆ ಇದರಲ್ಲಿದೆಯಂತೆ. ನೀವು ನೋಡಿ” ಎಂದ.

ನಮ್ಮ ಊರಿನ ತೇವ ಫ್ಲಾಪಿಗೆ ಶತ್ರು. ಒಳಗಿನ ತೆಳುವಾದ ತಟ್ಟೆಯ ಮೇಲೆ ಬೂಷ್ಟು ಹಿಡಿಯುತ್ತದೆ. ಮೊಮ್ಮಗ ಯುಎಸ್‌ಬಿಗೆ ಜೋಡಿಸುವ ಫ್ಲಾಪಿ ಡ್ರೈವ್ ಒಂದನ್ನು ತರಿಸಿ, ಪ್ರತಿ ಫ್ಲಾಪಿಯ ಪೂರ್ಣ ಪ್ರತಿಯನ್ನು ಕಡತವಾಗಿ ಇಳಿಸಲು ಕುಳಿತ. ಮೂರು ಫ್ಲಾಪಿಗಳು ಬಾಯಿ ಬಿಡಲೇ ಇಲ್ಲ. ಒಂಬತ್ತು ಬದುಕಿದ್ದವು. ‘ಡಿರ್’ ಎಂದು ಬರೆದಾಗ ಮೊದಲು ಕಂಡ ಹೆಸರು ಎಂ-ಎ-ಎಲ್-ಇ ಎಂಬ ನಾಲ್ಕಕ್ಷರ, ಅದರ ಮುಂದೆ 93. “ಇದೇನಜ್ಜ, ಗಂಡಸರ ಪಟ್ಟಿಯಾ?” ಎಂದು ಮೊಮ್ಮಗ ನಕ್ಕ. ಅದು ‘ಮಳೆ’. 1993ರ ಮಳೆ.

ಈ ಕಡತಗಳನ್ನು ಇಂದಿನ ತಂತ್ರಾಂಶದಲ್ಲಿ ತೆರೆದರೆ ಒಂದು ವಿಚಿತ್ರ ಕಾಣುತ್ತಿತ್ತು. ಅಲ್ಲಲ್ಲಿ ಮಾತುಗಳನ್ನು ಓದಬಹುದಿತ್ತು, ಅಂಕಿಗಳಿದ್ದ ಕಡೆಯೆಲ್ಲ ಅರ್ಥವಿಲ್ಲದ ಚಿಹ್ನೆಗಳು. ಭಾವನವರು ಲೆಕ್ಕವನ್ನು ಬರೆದದ್ದು ಜಿಡಬ್ಲ್ಯೂ-ಬೇಸಿಕ್ ಎಂಬ ಭಾಷೆಯ ಪ್ರೋಗ್ರಾಮಿನ ರೂಪದಲ್ಲಿ. ಜಾಗ ಉಳಿಸುವುದಕ್ಕಾಗಿ ಆ ಬೇಸಿಕ್ ತನ್ನ ಆಜ್ಞೆಗಳನ್ನೂ ಅಂಕಿಗಳನ್ನೂ ಸಂಕೇತಗಳಾಗಿ ಕುಗ್ಗಿಸಿ ಇಡುತ್ತದೆ. ‘ರೆಮ್’ ಎಂಬ ಪದದ ಮುಂದೆ ಬರೆದ ಟಿಪ್ಪಣಿಯನ್ನು ಮಾತ್ರ ಇದ್ದ ಹಾಗೆಯೇ ಬಿಡುತ್ತದೆ. ಹಾಗಾಗಿ ಅವರ ಮಾತು ಉಳಿದಿತ್ತು, ಮಳೆ ಕಾಣುತ್ತಿರಲಿಲ್ಲ. ಅದನ್ನು ಬಿಡಿಸಲು ಬೇಸಿಕ್ಕೇ ಬೇಕು. ಅದೃಷ್ಟವಶಾತ್ ಅದೂ ಅದೇ ಫ್ಲಾಪಿಯಲ್ಲಿತ್ತು. ಅದನ್ನು ಡಾಸ್‌ನಲ್ಲಿ ಎಬ್ಬಿಸಿ, ‘ಲೋಡ್’ ಎಂದು ಕಡತವನ್ನು ಕರೆದು, ‘ಲಿಸ್ಟ್’ ಎಂದು ಬರೆದೆ. ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದವು.

ಬೇಸಿಕ್‌ನಲ್ಲಿ ಪ್ರತಿ ಸಾಲಿಗೂ ಸಂಖ್ಯೆ ಇರಬೇಕು. ಸಾಮಾನ್ಯವಾಗಿ 10, 20, 30 ಎಂದು ಕೊಡುತ್ತಾರಂತೆ. ಭಾವನವರ ಸಾಲುಗಳು 601, 602, 603 ಎಂದು ಸಾಗಿದ್ದವು. ಸ್ವಲ್ಪ ಹೊತ್ತು ದಿಟ್ಟಿಸಿದ ಮೇಲೆ ಹೊಳೆಯಿತು: 615 ಎಂದರೆ ಜೂನ್ 15, 1003 ಎಂದರೆ ಅಕ್ಟೋಬರ್ 3. ಸಾಲಿನ ಸಂಖ್ಯೆಯೇ ತಾರೀಕು. ಯಾವ ಪುಸ್ತಕದಲ್ಲೂ ಇರಲಾರದ ಆ ಉಪಾಯ ಕಂಡು, ಅವರೇ ಪಕ್ಕದಲ್ಲಿ ನಿಂತು ಕನ್ನಡಕ ಸರಿಪಡಿಸಿಕೊಂಡಂತಾಯಿತು. ‘ಸೇವ್’ ಆಜ್ಞೆಯ ಕೊನೆಗೆ ಒಂದು ಅಲ್ಪವಿರಾಮ ಹಾಕಿ ‘ಎ’ ಎಂದು ಬರೆದರೆ ಬೇಸಿಕ್ ಇಡೀ ಕಡತವನ್ನು ಎಲ್ಲ ಗಣಕಗಳಿಗೂ ಅರ್ಥವಾಗುವ ಸರಳ ಬರಹವಾಗಿ ಉಳಿಸುತ್ತದೆ. ಆ ಒಂದು ಅಲ್ಪವಿರಾಮದಿಂದ ಒಂಬತ್ತು ವರ್ಷಗಳ ಮಳೆ ಮರಳಿತು.

ಇನ್ನು ಟಿಪ್ಪಣಿಗಳ ಮಾತು. ಡಾಸ್‌ನ ಪರದೆಗೆ ಸ್ವತಃ ಕನ್ನಡ ಬಾರದು. 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆ ‘ಜಿಸ್ಟ್’ ಎಂಬ ಕಾರ್ಡನ್ನು ತಂದಿತ್ತು. ಅದನ್ನು ಗಣಕದೊಳಗೆ ಕೂರಿಸಿದರೆ ಡಾಸ್‌ನಲ್ಲೂ ಭಾರತೀಯ ಲಿಪಿಗಳು ಮೂಡುತ್ತಿದ್ದವು. ತೋಟದ ಮನೆಗೆ ಅಂಥದ್ದೆಲ್ಲಿಂದ ಬರಬೇಕು? ಭಾವನವರು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಕನ್ನಡ ಬರೆದಿದ್ದರು. ಅದರಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ, ಹ್ರಸ್ವ ದೀರ್ಘಗಳಿಗೆ ಗುರುತಿಲ್ಲ. 1994ರ ಜುಲೈಯ ಒಂದು ಸಾಲು ‘ಬಳೆ ಬಿತ್ತು’ ಎಂದೂ ಓದಿಸಿಕೊಳ್ಳುತ್ತದೆ, ‘ಬಾಳೆ ಬಿತ್ತು’ ಎಂದೂ, ‘ಬಲೆ ಬಿತ್ತು’ ಎಂದೂ. ಹಿಂದಿನ ಸಾಲಿನಲ್ಲಿ ಗಾಳಿಯ ಮಾತಿದ್ದುದರಿಂದ ಬಿದ್ದದ್ದು ಬಾಳೆಯೆಂದು ನಿರ್ಣಯಿಸಿದೆ. ಓಲೆಗರಿಯ ತಿಗಳಾರಿ ಬರಹವನ್ನು ಬಿಡಿಸಿ ಓದುವವರ ಕಷ್ಟ ಎಂಥದೆಂದು ಅಲ್ಪಸ್ವಲ್ಪ ಅರ್ಥವಾಯಿತು.

ಈ ಲಕಾರ ಳಕಾರಗಳ ತೊಡಕನ್ನು ಕೀಲಿಮಣೆಯಲ್ಲಿ ಬಗೆಹರಿಸಿದವರು ನಮ್ಮ ಜಿಲ್ಲೆಯವರೇ ಎಂಬುದನ್ನು ಇಲ್ಲಿ ನೆನೆಯಬೇಕು. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ‘ಎಲ್’ ಒತ್ತಿದರೆ ಲಕಾರ, ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ಳಕಾರ. ಕರ್ನಾಟಕ ಸರಕಾರ ಮಾನ್ಯ ಮಾಡಿದ ವಿನ್ಯಾಸಕ್ಕೆ ಅದೇ ಆಧಾರ. ‘ನುಡಿ’ ತಂತ್ರಾಂಶದಲ್ಲಿ ಬೆರಳಾಡಿಸಿದ ಎಲ್ಲರಿಗೂ ಅದು ಪರಿಚಿತ. ರಾಯರು ತಮ್ಮ ಕನ್ನಡ ತಂತ್ರಾಂಶವೊಂದನ್ನು ಉಚಿತವಾಗಿ ಹಂಚಿದರು. ಅದಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’. ನಮ್ಮ ಪುತ್ತೂರು ಸೀಮೆಯ ಮಹಾವಿದ್ವಾಂಸರಾದ, ಛಂದಸ್ಸಿನಲ್ಲಿ ಪ್ರಮಾಣವೆನಿಸಿದ ಸೇಡಿಯಾಪು ಕೃಷ್ಣ ಭಟ್ಟರ ಹೆಸರದು. ಭಾವನವರ ಟಿಪ್ಪಣಿಗಳನ್ನು ನಾನು ಕನ್ನಡ ಲಿಪಿಯಲ್ಲಿ ಮತ್ತೆ ಬರೆದದ್ದು ರಾಯರ ಈ ಕೀಲಿಮಣೆಯಿಂದಲೇ. ಬಿದ್ದ ಬಾಳೆಗೆ ಕೊನೆಗೂ ತನ್ನ ಳಕಾರ ಸಿಕ್ಕಿತು.

ಇಷ್ಟರ ನಡುವೆ ಒಂದು ಸಂಗತಿ ನಡೆಯಿತು. ಡಾಸ್‌ನಲ್ಲಿ ಕಡತವೊಂದನ್ನು ಅಳಿಸಿದಾಗ ಅದು ಒಡನೆಯೇ ನಾಶವಾಗುವುದಿಲ್ಲ. ಪಟ್ಟಿಯಲ್ಲಿ ಅದರ ಹೆಸರಿನ ಮೊದಲ ಅಕ್ಷರವನ್ನು ಹೊಡೆದುಹಾಕಿ, ಆ ಜಾಗ ಖಾಲಿಯೆಂದು ಗುರುತು ಮಾಡಿಕೊಳ್ಳುತ್ತದೆ, ಅಷ್ಟೇ. ಮೇಲೆ ಬೇರೇನನ್ನೂ ಬರೆಯದಿದ್ದರೆ ಒಳಗಿನ ಬರಹ ಹಾಗೆಯೇ ಇರುತ್ತದೆ. 1991ರ 5ನೆಯ ಆವೃತ್ತಿಯಲ್ಲಿ ‘ಅನ್‌ಡಿಲೀಟ್’ ಎಂಬ ಆಜ್ಞೆ ಬಂತು. ಕಡತವನ್ನು ಮರಳಿಸುವ ಮುನ್ನ ಅದು ಕೇಳುವುದು ಒಂದನ್ನೇ: ಇದರ ಮೊದಲ ಅಕ್ಷರ ಯಾವುದು? ಇದನ್ನು ಕೇಳಿದಾಗ ನನಗೆ ನೀವೆಲ್ಲ ನೆನಪಾದಿರಿ. ಪೇಟೆಯಲ್ಲಿ ಎದುರಾಗಿ “ನನ್ನ ಗುರ್ತ ಸಿಕ್ಕಿತಾ ಸರ್?” ಎಂದು ನೀವು ನಿಂತಾಗ ನನಗೂ ಬೇಕಾಗುವುದು ಆ ಒಂದು ಅಕ್ಷರವೇ. ಉಳಿದ ಹೆಸರು, ಕೂರುತ್ತಿದ್ದ ಬೆಂಚು, ಅಪ್ಪನ ಅಂಗಡಿ ಎಲ್ಲವೂ ತಾನಾಗಿ ಬರುತ್ತದೆ.

ಅಂಥ ಒಂದು ಉಪಕರಣದಿಂದ 1997ರ ಫ್ಲಾಪಿಯನ್ನು ನೋಡುತ್ತಿದ್ದಾಗ, ಮಳೆಯ ಕಡತದ ಕೆಳಗೆ ಅಳಿಸಿದ ಇನ್ನೊಂದು ಹೆಸರು ಕಂಡಿತು. ಮೊದಲಲ್ಲಿ ಪ್ರಶ್ನೆಚಿಹ್ನೆ, ಆಮೇಲೆ ಎ-ಟಿ-ಆರ್-ಎ. ಮೊದಲ ಅಕ್ಷರ ‘ಪಿ’ ಎಂದು ಊಹಿಸಲು ಕನ್ನಡ ಪಂಡಿತನಾಗಬೇಕಿಲ್ಲ. ಪತ್ರ. ಯಾರಿಗೆ ಬರೆದದ್ದೋ, ಏಕೆ ಅಳಿಸಿದರೋ. ಮೊಮ್ಮಗನ ಬೆರಳು ಕೀಲಿಯ ಮೇಲಿತ್ತು. ತಡೆಯೆಂದು ಹೇಳಿ ಅಕ್ಕನಿಗೆ ಫೋನು ಮಾಡಿದೆ. ಯಂತ್ರದ ಸಂಗತಿಯನ್ನು ಅವಳಿಗೆ ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲ ಕೇಳಿ ಅವಳು ಹೇಳಿದ್ದು ಇಷ್ಟು: “ಅವರೇ ಅಳಿಸಿದ್ದಲ್ಲವಾ? ಹಾಗಾದರೆ ಅದು ಬೇಡ. ಮಳೆಯ ಲೆಕ್ಕ ಸಿಕ್ಕಿತಲ್ಲ, ಸಾಕು.”

ನಾವು ಆ ಅಕ್ಷರವನ್ನು ಒತ್ತಲಿಲ್ಲ. ಗೆದ್ದಲು ತಿಂದದ್ದನ್ನು ಮರಳಿ ಪಡೆಯುವುದು ಒಂದು, ಮನುಷ್ಯ ತಾನಾಗಿ ಅಳಿಸಿದ್ದನ್ನು ಕೆದಕುವುದು ಇನ್ನೊಂದು. ಯಂತ್ರಕ್ಕೆ ಇವೆರಡರ ಭೇದ ತಿಳಿಯದು. ಅದನ್ನು ಅಕ್ಕ ತಿಳಿದಿದ್ದಳು.

ಆ ಒಂಬತ್ತು ವರ್ಷಗಳ ಮಳೆಯ ಲೆಕ್ಕವನ್ನು ಈಗ ಕಾಗದದ ಮೇಲೂ ಮುದ್ರಿಸಿ, ತಿಂಗಳುವಾರು ಮೊತ್ತದೊಂದಿಗೆ ಅಳಿಯನಿಗೆ ಕೊಟ್ಟಿದ್ದೇನೆ. ನಿಮ್ಮ ಮನೆಗಳ ಅಟ್ಟದಲ್ಲೂ ಅಪ್ಪನೋ ಅಜ್ಜನೋ ಇಟ್ಟ ಫ್ಲಾಪಿಗಳಿದ್ದರೆ ಎಸೆಯಬೇಡಿ, ಕುತೂಹಲಕ್ಕೆಂದು ಡ್ರೈವಿಗೆ ತುರುಕಲೂಬೇಡಿ. ಬೂಷ್ಟು ಹಿಡಿದದ್ದನ್ನು ಓಡಿಸಿದರೆ ಇದ್ದದ್ದೂ ಹೋದೀತು. ಒಣಗಿದ ಜಾಗದಲ್ಲಿಟ್ಟು ನನಗೆ ತಿಳಿಸಿ. ಓದಿ ಕೊಡುವುದು ಸಾಧ್ಯವೇ ಎಂದು ಮೊಮ್ಮಗನೂ ನಾನೂ ನೋಡುತ್ತೇವೆ. ಮಳೆಗಾಲ ಮುಗಿದ ಮೇಲೆ ಬಂದರೆ ಒಳ್ಳೆಯದು. ಜುಲೈಯಲ್ಲಿ ಇಲ್ಲಿ ಕರೆಂಟಿನ ಭರವಸೆಯಿಲ್ಲ.