‘ರ‍್ಯಾಂಪ್ ಇದೆ, ಬನ್ನಿ’

ವೋಚರ್ ಇಲ್ಲದೆ ಎಂಟ್ರಿ ಬರೆಯುವಂತಿಲ್ಲ ಎಂದು ಅಕೌಂಟೆನ್ಸಿ ತರಗತಿಯಲ್ಲಿ ಮೊದಲೇ ಹೇಳಿಕೊಡುತ್ತಾರೆ. ವೀಲ್‌ಚೇರ್‌ನಲ್ಲಿ ಊರಿಗೆ ಹೊರಡುವ ನನ್ನಂಥವರಿಗೆ ಸಿಗುವುದು ಮಾತ್ರ ಬರೀ ಬಾಯಿಮಾತು. ‘ರ‍್ಯಾಂಪ್ ಇದೆ, ಬನ್ನಿ’ ಎನ್ನುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಏನೋ ಒಂದು ಇರುತ್ತದೆ.

ಕಳೆದ ಮೇ ತಿಂಗಳಲ್ಲಿ ಖಾಲಾ ಅವರ ಮಗಳ ಮದುವೆಗೆ ವಿಜಯಪುರಕ್ಕೆ ಹೋಗಿದ್ದೆವು. ಅಬ್ಬಾ ಮೊದಲೇ ಮೂರು ಲಾಡ್ಜ್‌ಗಳಿಗೆ ಫೋನ್ ಮಾಡಿ, ರ‍್ಯಾಂಪ್ ಇದೆ ಎಂದವರಲ್ಲೇ ರೂಮ್ ಹೇಳಿದ್ದರು. ಹೋಗಿ ನೋಡಿದರೆ ಬಾಗಿಲ ಮುಂದೆ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಪಕ್ಕದಲ್ಲಿ ಬೈಕ್ ಹತ್ತಿಸಲು ಮಾಡಿದ ನಾಲ್ಕು ಅಡಿ ಉದ್ದದ ಸಿಮೆಂಟ್ ಇಳಿಜಾರು. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಲೆಕ್ಕ 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅಲ್ಲಿ 18 ಅಡಿ ಬೇಕಿತ್ತು. ಭಾಯಿ ಮತ್ತು ರೂಮ್ ಬಾಯ್ ನನ್ನನ್ನು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ಅವರದು ಒಳ್ಳೆಯ ಮನಸ್ಸೇ. ಆದರೆ ಹದಿನೇಳು ವರ್ಷದ ಹುಡುಗಿಗೆ ಬೀದಿಯಲ್ಲಿ ಹಾಗೆ ಎತ್ತಿಸಿಕೊಳ್ಳುವುದು... ಬಿಡಿ.

ಬಾತ್‌ರೂಮ್ ಬಾಗಿಲು 22 ಇಂಚು. ನನ್ನ ಕುರ್ಚಿ 25. ಮಾರ್ಗಸೂಚಿ ಹೇಳುವುದು 900 ಮಿಲಿಮೀಟರ್, ಹೆಚ್ಚುಕಡಿಮೆ 35 ಇಂಚು. ಎರಡು ದಿನ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ, ಅದೂ ವಿಜಯಪುರದ ಬಿಸಿಲಿನಲ್ಲಿ. ಅಮ್ಮಿ ಶರಬತ್ತಿನ ಲೋಟ ಹಿಡಿದು ಬಂದಾಗಲೆಲ್ಲ ಬೇಡ ಎಂದೆ. ಯಾಕೆಂದು ಅವರು ಕೇಳಲಿಲ್ಲ.

ಗೋಳಗುಮ್ಮಟದ ವಿಷಯದಲ್ಲಿ ಮಾತ್ರ ನನಗೆ ಬೇಸರವಿಲ್ಲ. ಪಿಸುಮಾತಿನ ಗ್ಯಾಲರಿಗೆ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿಯೇ ಹೋಗಬೇಕೆಂದು ಮೊದಲೇ ಗೊತ್ತಿತ್ತು. 1656ರಲ್ಲಿ ಕಟ್ಟಿ ಮುಗಿಸಿದವರನ್ನು ಲಿಫ್ಟ್ ಎಲ್ಲಿ ಎಂದು ಕೇಳಲಾಗುತ್ತದೆಯೇ? ನಾನು ಮರದ ನೆರಳಲ್ಲಿ ಕುಳಿತೆ. ಭಾಯಿ ಮೇಲೆ ಹೋಗಿ ನನ್ನ ಹೆಸರು ಕೂಗಿ, ಅದು ಮತ್ತೆ ಮತ್ತೆ ಮರುದನಿಸಿದ್ದನ್ನು ಮೊಬೈಲ್‌ನಲ್ಲಿ ತಂದ. ಇಲ್ಲ ಎಂದು ಖಚಿತವಾಗಿ ತಿಳಿದರೆ ದಿನವನ್ನು ಹಾಗೇ ಹೊಂದಿಸಿಕೊಳ್ಳಬಹುದು. ಕಷ್ಟವಾಗುವುದು ಅಳತೆಯಿಲ್ಲದ ‘ಇದೆ’ಯಿಂದ.

ಗೂಗಲ್ ಮ್ಯಾಪ್‌ನಲ್ಲೂ ವೀಲ್‌ಚೇರ್ ಗುರುತು ಇರುತ್ತದೆ. ಆದರೆ ಪ್ರವೇಶದ್ವಾರಕ್ಕೆ ಹಾಕಿದ ಗುರುತು ಶೌಚಾಲಯಕ್ಕೂ ಅನ್ವಯಿಸುವುದಿಲ್ಲ, ಇಂಚಿನ ಲೆಕ್ಕವೂ ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಈಗ ಫೋನ್ ಮಾಡುವುದು ನಾನೇ. ‘ವ್ಯವಸ್ಥೆ ಇದೆಯಾ’ ಎಂದು ಕೇಳುವುದಿಲ್ಲ. ರಸ್ತೆಯಿಂದ ರೂಮಿನವರೆಗೆ ಎಷ್ಟು ಮೆಟ್ಟಿಲು? ಬಾತ್‌ರೂಮ್ ಬಾಗಿಲು ಎಷ್ಟು ಇಂಚು? ಟೇಪ್ ಹಿಡಿದು ಒಂದು ಫೋಟೋ ವಾಟ್ಸ್‌ಆ್ಯಪ್ ಮಾಡ್ತೀರಾ ಅಣ್ಣಾ? ಕೆಲವರು ನಕ್ಕು ಫೋನ್ ಇಡುತ್ತಾರೆ. ಕೆಲವರು ನಿಜವಾಗಿಯೂ ಅಳೆದು ಕಳಿಸುತ್ತಾರೆ. ಅವರ ಹೆಸರು, ನಂಬರು, ಅಳತೆ ಎಲ್ಲವೂ ನನ್ನ ಹಳೆಯ ಲೆಡ್ಜರ್ ಪುಸ್ತಕದಲ್ಲಿ ತಾರೀಖಿನ ಸಮೇತ ಇವೆ. ಯಾರಿಗಾದರೂ ಬೇಕಿದ್ದರೆ ದ್ವಿತೀಯ ಪಿಯುಸಿ ಕಾಮರ್ಸ್ ವಿಭಾಗಕ್ಕೆ ಬಂದು ಕೇಳಿ.

ಡಿಸೆಂಬರ್‌ನಲ್ಲಿ ಕಾಲೇಜಿನ ಪ್ರವಾಸವಿದೆ. ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರವಿದೆ ಎಂದು ನೋಡಲು ನನ್ನ ಬೆಂಚಿನ ಗೆಳತಿ ಆಗಲೇ ಹೊಲಿಗೆಯ ಟೇಪ್ ತಂದಿಟ್ಟುಕೊಂಡಿದ್ದಾಳೆ.