ಮೂರು ತಂತಿಯ ಪ್ಲಗ್ಗು



ನಮ್ಮ ಕೇರಿಯ ದೌರ್ಜನ್ಯ ಕೇಸಿನ ಸಾಕ್ಷಿ ಹೇಳಲು ದೊಡ್ಡವ್ವನನ್ನು ಕೂರಿಸಿಕೊಂಡು ರಾಯಚೂರು ಕೋರ್ಟಿಗೆ ಹೊರಟಿದ್ದೆ. ಗಬ್ಬೂರಿನಲ್ಲೇ ನನ್ನ ಹಳೇ ಕಾರು ನಿಂತಿತು. ಸೆಲ್ಫ್ ತಿರುಗ್ತದ, ಎಂಜಿನ್ ಹಿಡಿಯವಲ್ದು. ಹೋದ ವಾರವಷ್ಟೇ ಒಂದು ಗ್ಯಾರೇಜಿನವರು ಕ್ರ್ಯಾಂಕ್ ಸೆನ್ಸರ್ ಹೊಸದು ಹಾಕಿ ರೊಕ್ಕ ಎಣಿಸಿಕೊಂಡಿದ್ದರು.

ಕೇರಿಯ ವೈರಿಂಗ್ ಹುಡುಗ ಬಂದು ನೋಡಿದ. "ಅಣ್ಣಾ, ಸೆನ್ಸರ್ ಚೊಲೋ ಅದ. ಪ್ಲಗ್ಗಿನ ಲಾಕ್ ಮುರದದ, ಪಿನ್ ಹಸಿರುಗಟ್ಟ್ಯಾವ. ಸುದ್ದಿ ಇಸಿಯುಗೆ ಮುಟ್ಟವಲ್ದು."

ಬ್ಯಾಟರಿ ನೆಗೆಟಿವ್ ಬಿಚ್ಚಿದ. ಗುಜರಿಯಿಂದ ತಂದಿಟ್ಟಿದ್ದ ಅಂಥದೇ ಪ್ಲಗ್ಗು ತೆಗೆದ. ಮೂರೂ ತಂತಿ ಒಮ್ಮೆಲೇ ಕತ್ತರಿಸಲಿಲ್ಲ. ಒಂದೊಂದೇ ಕತ್ತರಿಸಿ, ಅದೇ ಪಿನ್ನಿನ ತಂತಿಗೆ ಬೆಸೆದು, ಸ್ಲೀವ್ ಕಾಯಿಸಿ ಕೂರಿಸಿದ. ಬಣ್ಣ ನಂಬಬಾರದಂತೆ, ಜಾಗ ನೋಡಬೇಕಂತೆ. (ಬಣ್ಣ ನಂಬಿ ಮೋಸಹೋಗೋದು ನಮಗೇನು ಹೊಸದೇ!)

ಟಕ್ ಅಂತ ಲಾಕ್ ಬಿತ್ತು. ಎಂಜಿನ್ ಹಿಡೀತು.

ರೊಕ್ಕ ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡ. "ಮೊದ್ಲು ದೊಡ್ಡವ್ವಂದು ಸಾಕ್ಷಿ ಆಗ್ಲಿ, ನಡೀರಿ."

ಹೆಸರು ಕೂಗುವ ಹೊತ್ತಿಗೆ ಮುಟ್ಟಿದೆವು.